ಗೋಡೆಯಾಚೆಯ ರೊಟ್ಟಿ

ಜೋಳದ ಹಿಟ್ಟಿನ ಉಂಡೆಯನ್ನು ಕಟ್ಟಿಗೆಯ ಅಗಲ ಹರಿವಾಣದಂಥ ಕೊಣಮಿಗೆಯ ಮೇಲಿಟ್ಟು ಬಡಿಯುತ್ತಿದ್ದ ಶಿವಗಂಗವ್ವ ನಡುವೆಯೇ ಕೈ ತಡೆದಳು. ರೊಟ್ಟಿ ಇನ್ನೂ ಅಂಗೈಯಗಲ ಆಗಿತ್ತಷ್ಟೇ. ಒಲೆಯ ಮೇಲೆ ಹಂಚು ಕಾದು ಹೊಗೆ ಏಳುತ್ತಿತ್ತು. ಅವಳ ಲಕ್ಷ್ಯ ಇತ್ತ ಇರಲಿಲ್ಲ, ಗೋಡೆಯ ಆಚೆಗಿತ್ತು.

ಆಚೆಯಿಂದ ಸಪ್ಪಳವೇ ಇಲ್ಲ.

“ಅತ್ತೀ, ಹಂಚು ಸೀಯಾಕತ್ತೈತಿ ನೋಡ್ರಿ,” ಸೊಸೆ ಶೈಲಾ ಹೊರಗಿನಿಂದ ಕೂಗಿದಳು.

“ಸೀದರ ಸೀಯಲಿ. ಸುಮ್ಮನಿರು ಸ್ವಲ್ಪ.”

ಮೊರಬದ ಹೊಂಡದ ಓಣಿಯಲ್ಲಿ ಎರಡೆರಡು ಮನೆಗೆ ಒಂದೊಂದು ಗೋಡೆ. ಶಿವಗಂಗವ್ವನ ಅಡುಗೆಮನೆಗೆ ಬೆನ್ನು ಹಚ್ಚಿಕೊಂಡು ಸಿದ್ದರಾಮನ ಅಡುಗೆಮನೆ. ಇತ್ತ ಕೆಮ್ಮಿದರೆ ಅತ್ತ ಕೇಳುತ್ತದೆ, ಅತ್ತ ಸಾಸಿವೆ ಸಿಡಿದರೆ ಇತ್ತ ಸೀನು ಬರುತ್ತದೆ. ಹೋದ ವರ್ಷ ಸಿದ್ದರಾಮನಿಗೆ ಮದುವೆಯಾಗಿ ದುಮ್ಮವಾಡದ ಅನ್ನಪೂರ್ಣಿ ಆ ಮನೆ ತುಂಬಿದ ಮೇಲೆ, ಮುಂಜಾನೆ ಹೊತ್ತು ಎರಡೂ ಕಡೆ ಕೂಡಿಯೇ ರೊಟ್ಟಿ ಬಡಿಯುವುದು ರೂಢಿಯಾಗಿತ್ತು. ಅತ್ತೆ ಸಾವಿತ್ರೆವ್ವ ಹತ್ತಿರ ಇಲ್ಲದಾಗ ಹುಡುಗಿ ಗೋಡೆಗೆ ಬಾಯಿ ಹಚ್ಚಿ, “ಆಯೀ, ನಿಮ್ಮ ರೊಟ್ಟಿ ಎಷ್ಟಾದುವ್ರೀ?” ಎಂದು ಚಾಷ್ಟಿ ಮಾಡುತ್ತಿದ್ದಳು. “ನೀ ಬಾಯಿ ಬಿಟ್ಟಷ್ಟು ಆಗ್ಯಾವು, ಕೈ ಆಡಿಸು,” ಎಂದು ಇವಳು ಬಯ್ಯುತ್ತಿದ್ದಳು.

ದಸರೆಯ ಮುಂದೆ ಆ ಸಪ್ಪಳ ಬದಲಾಯಿತು. ರೊಟ್ಟಿ ಬಡಿಯುವ ಹೆಂಗಸಿನ ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ಅಂಚು ಹಿಡಿದು ತಿರುಗಿಸುತ್ತದೆ. ಬಡಿತ ನಿಲ್ಲುವುದಿಲ್ಲ, ಮಳೆ ಹಿಡಿದ ಹಾಗೆ ಒಂದೇ ಸಮ ಇರುತ್ತದೆ. ಅನ್ನಪೂರ್ಣಿಯ ಕೈ ಬಡಿದು ನಿಲ್ಲತೊಡಗಿತು. ಬಡಿದದ್ದೂ ಅದೇ ಕೈ, ನಿಂತು ತಿರುಗಿಸಿದ್ದೂ ಅದೇ ಕೈ. ಎಡಗೈಯ ಬಳೆಯ ಸಪ್ಪಳ ಪೂರಾ ನಿಂತುಹೋಗಿತ್ತು. ಅದರ ಹಿಂದಿನ ಸಂಜೆ ಗೋಡೆಯ ಆಚೆ ಸಿದ್ದರಾಮನ ದನಿ ಏರಿದ್ದು, ಏನೋ ಮುರಿದದ್ದು, ಆಮೇಲೆ “ಯವ್ವಾ, ನನ್ನ ಕೈಯಿ” ಎಂದು ಆ ಹುಡುಗಿ ಅತ್ತದ್ದು, ಎಲ್ಲವನ್ನೂ ಶಿವಗಂಗವ್ವ ಕೇಳಿದ್ದಳು. ಮರುದಿನ ನಳದ ಹತ್ತಿರ ಸಾವಿತ್ರೆವ್ವ ಯಾರೂ ಕೇಳುವ ಮೊದಲೇ, “ನಮ್ಮ ಸೊಸಿ ಬಚ್ಚಲದಾಗ ಜಾರಿ ಬಿದ್ದಳ್ರೆವಾ,” ಎಂದಳು.

ಶಿವಗಂಗವ್ವ ಆ ದಿನವೇ ಕಾಗದ ಬರೆಯಲು ಕೂತಿದ್ದಳು. ಅವಳು ಅಕ್ಷರ ಕಲಿತದ್ದು ತಲೆ ಹಣ್ಣಾದ ಮೇಲೆ, ರಾತ್ರಿ ಸಾಲೆಯಲ್ಲಿ. ಅಲ್ಲಿ ಕಲಿಸಿದ ಹಾಗೆಯೇ ದುಮ್ಮವಾಡದಲ್ಲಿ ಕುರಿ ಕಾಯ್ದುಕೊಂಡಿದ್ದ ಅನ್ನಪೂರ್ಣಿಯ ತಾಯಿ ಹನಮವ್ವನಿಗೆ ಬರೆದಳು. ಹನಮವ್ವನ ಹತ್ತಿರ ಫೋನಿಲ್ಲ. ಲಗ್ನಪತ್ರಿಕೆಯಲ್ಲಿದ್ದ ನಂಬರು ಸಂಬಂಧ ಹಚ್ಚಿದ ಸೋದರಮಾವನದು, ಅವನೋ ಸಿದ್ದರಾಮನ ಗೆಳೆಯ. ಅದಕ್ಕೇ ಕಾಗದ. ಆದರೆ ಬರೆದದ್ದು ಹೋಗಲಿಲ್ಲ. ಶಿವಗಂಗವ್ವನ ಮಗ ಮಡಿವಾಳೆಪ್ಪ ಓಡಿಸುವುದು ಸಿದ್ದರಾಮನದೇ ಟ್ರ್ಯಾಕ್ಟರ್. “ಅವರ ಮನಿ ಉಸಾಬರಿ ನಮಗ ಬ್ಯಾಡಬೇ ಯವ್ವಾ,” ಎಂದಿದ್ದ ಅವನು. ಪೋಸ್ಟಿನ ಡಬ್ಬಿಯ ತನಕ ಹೋಗಿ ಅಂಜಿ ತಿರುಗಿ ಬಂದದ್ದೂ ಆಯಿತು. ಕಾಗದ ದೇವರ ಜಗಲಿಯ ಮೇಲೆ ವಿಭೂತಿಯ ಕೆಳಗೆ ಕೂತುಬಿಟ್ಟಿತು.

ಅಷ್ಟರಲ್ಲಿ ಶೈಲಾ ಒಂದು ಸ್ಪರ್ಧೆಯ ಸುದ್ದಿ ತಂದಳು. ಫೇಸ್‌ಬುಕ್ಕಿನಲ್ಲಿ ಯಾರೋ ‘ಗೇಣುದ್ದ ಕತೆ’ ಎಂದು ನಡೆಸುತ್ತಿದ್ದರು. ನಾಲ್ಕು ವಾಕ್ಯಕ್ಕಿಂತ ಹೆಚ್ಚಾಗಬಾರದು. ಈ ಸಲದ ವಿಷಯ: ಅಂಜಿಕೆ. ಶೈಲಾ ಹುಣಸೆಗಿಡದ ದೆವ್ವದ ಮೇಲೆ ಒಂದು ಬರೆದು ಹಾಕಿದ್ದಳು. ಮೆಚ್ಚಿದವರು ಅವಳ ತವರಿನವರು ಮಾತ್ರ.

“ನಿನ್ನ ದೆವ್ವಕ್ಕ ನಮ್ಮ ಮನಿ ಬೆಕ್ಕೂ ಅಂಜೂದಿಲ್ಲ,” ಎಂದು ಶಿವಗಂಗವ್ವ ನಕ್ಕಿದ್ದಳು.

“ಹಂಗಾರ ನೀವ ಒಂದ ಬರೀರಲ್ಲ ನೋಡೂಣು!”

ಶಿವಗಂಗವ್ವ ಕೂತಳು. ಹೊಟ್ಟೆಯಲ್ಲಿದ್ದ ಅಂಜಿಕೆ ಒಂದೇ. ಬರೆದಳು, ಉದ್ದಾಯಿತು, ಕಡಿದಳು. ಕಾಗದದಲ್ಲಿ ಕಳಿಸಲು ಧೈರ್ಯವಾಗದ್ದನ್ನು ಕತೆಯೊಳಗೆ ಇಟ್ಟರೆ ಅದು ಎಲ್ಲಿಯೋ ದೂರದ, ಮುಖ ಗೊತ್ತಿರದ ಮಂದಿ ಓದಿ ಮರೆಯುವ ವಸ್ತುವಾದೀತು ಎಂದುಕೊಂಡಳು. ಯಾರ ಹೆಸರನ್ನೂ ಹಾಕಲಿಲ್ಲ. ಆದರೆ ಶೈಲಾ ಮೊಬೈಲಿನಲ್ಲಿ ಅಕ್ಷರ ಒತ್ತಿ ಮುಗಿಸಿದಾಗ, ಹೆಸರು ವಿಳಾಸ ಇಲ್ಲದ ಬರಹ ಕಳ್ಳ ಬರಹ ಎಂದು ರಾತ್ರಿ ಸಾಲೆಯಲ್ಲಿ ಕಲಿಸಿದ್ದು ಅವಳಿಗೆ ನೆನಪಾಯಿತು.

“ಕೆಳಗ ವಿಳಾಸ ಬರಿ ಬೇ. ಶಿವಗಂಗವ್ವ, ಹೊಂಡದ ಓಣಿ, ಮೊರಬ, ತಾಲೂಕ ನವಲಗುಂದ.”

“ಇದಕ್ಕ ವಿಳಾಸ ಬೇಕಾಗಿಲ್ರೀ ಅತ್ತಿ. ಇದೇನು ಪೋಸ್ಟಿನವ ತರೂದೇನ್ರಿ?”

“ಬರಿ ಅಂದರ ಬರಿ. ನಾವೇನು ಕಳುವು ಮಾಡೇವೇನು?”

ಶೈಲಾ ನಗುತ್ತ ಬರೆದಳು.

ಆ ಕತೆ ಗಾಳಿಗೆ ಬಿದ್ದ ಹತ್ತಿಯ ಹಾಗೆ ಹೋಯಿತು. ಹುಬ್ಬಳ್ಳಿಯಲ್ಲಿದ್ದ ಯಾರೋ, “ಇದು ನಮ್ಮೂರು, ನಮ್ಮ ಓಣಿ!” ಎಂದು ಹೆಮ್ಮೆಪಟ್ಟು ಮೊರಬದ ವಾಟ್ಸಾಪ್ ಗುಂಪಿಗೆ ಹಾಕಿದರು. ನಿನ್ನೆ ಸಂಜೆ ಬಳೆಗಾರ್ತಿ ನಸೀಮಾಬಿ ತಲೆಯ ಮೇಲಿನ ಬಳೆಯ ಮಲಾರ ಇಳಿಸುವ ಮೊದಲೇ ಸುದ್ದಿ ಇಳಿಸಿದಳು. ರಾತ್ರಿ ಸಾಲೆಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಕಲಿತವರು.

“ಏನ ಮಾಡಿದಿ ಗಂಗವ್ವ? ಕಟ್ಟಿ ಮ್ಯಾಲ ಗಂಡಸೂರು ನಿನ್ನ ಕತಿ ಓದಾಕತ್ತಾರ. ಹೊಂಡದ ಓಣ್ಯಾಗ ಕೈ ಮುರಕೊಂಡಾಕಿ ಯಾರು ಅನ್ನೂದು ಸಣ್ಣ ಹುಡುಗ್ರಿಗೂ ಗೊತ್ತೈತಿ. ಆ ಸಿದ್ದರಾಮ ಅಲ್ಲೇ ಇದ್ದ. ಮಾರಿ ನೋಡಾಕ ಆಗಲಿಲ್ಲ ನನಗ.”

ಶೈಲಾ ಗಾಬರಿಯಾಗಿ ಕತೆಯನ್ನು ಅಳಿಸಿದಳು. ಒಂದು ಕಡೆ ಅಳಿಸಿದರೆ ಏನಾಗಬೇಕು? ಊರಿನ ಎಲ್ಲ ಮೊಬೈಲುಗಳಲ್ಲಿ ಅದು ಕೂತಾಗಿತ್ತು, ವಿಳಾಸ ಸಮೇತ.

ಮತ್ತು ಈಗ, ಈ ಮುಂಜಾನೆ, ಗೋಡೆಯ ಆಚೆ ಒಂದು ಕೈಯ ಸಪ್ಪಳವೂ ಇಲ್ಲ. ‘ನನ್ನ ಕತಿ ಆ ಹುಡುಗಿಯನ್ನ ಏನು ಮಾಡಿತೋ’ ಎಂಬ ಒಂದೇ ಮಾತು ಶಿವಗಂಗವ್ವನ ತಲೆಯೊಳಗೆ ತಿರುಗುತ್ತಿತ್ತು.

“ದೊಡ್ಡವ್ವ ಅದಾರೇನ್ರಿ?”

ಬಾಗಿಲಲ್ಲಿ ಸಿದ್ದರಾಮ ನಿಂತಿದ್ದ. ತೊಳೆದ ಬಿಳಿ ಅಂಗಿ, ಹಣೆಗೆ ವಿಭೂತಿ. ಚಪ್ಪಲಿ ಹೊರಗೆ ಬಿಟ್ಟು, ತಲೆ ಬಾಗಿಸಿ ಒಳಗೆ ಬಂದ. ಬಯ್ಯುತ್ತ ಬಂದಿದ್ದರೆ ಶಿವಗಂಗವ್ವನಿಗೆ ಇಷ್ಟು ಅಂಜಿಕೆ ಆಗುತ್ತಿರಲಿಲ್ಲ.

“ಬಾ ಸಿದ್ದಪ್ಪ. ಕೂಡು. ಬಿಸಿ ರೊಟ್ಟಿ ಕೊಡಲೇನು?”

“ಬ್ಯಾಡ್ರಿ. ಇವತ್ತ ನಮ್ಮ ಮನ್ಯಾಗ ರೊಟ್ಟಿ ಇಲ್ಲ ಅಂತ ನಿಮಗ ಗೊತ್ತಾಗಿರಬೇಕಲ್ಲ. ನಿಮಗ ಎಲ್ಲಾ ಕೇಳತೈತಿ.” ಅವನು ನಕ್ಕ. ಗೋಡೆಗೆ ಅಂಗೈ ಹಚ್ಚಿ ಮೆಲ್ಲಗೆ ತಟ್ಟಿದ. “ಅಗದಿ ತೆಳ್ಳಗೈತಿ ನೋಡ್ರಿ ಈ ಗ್ವಾಡಿ.”

ಬಾಗಿಲ ಸಂದಿಯಲ್ಲಿ ಶೈಲಾ ನಿಂತಿದ್ದಳು.

ಅವನು ಕಿಸೆಯಿಂದ ಮೊಬೈಲು ತೆಗೆದು, ಸಾಲೆಯ ಹುಡುಗ ಪಾಠ ಓದುವ ಹಾಗೆ ನಿಧಾನ ಓದಿದ:

“‘ಗೋಡೆಯ ಆಚೆ ಅವಳು ದಿನಾಲು ರೊಟ್ಟಿ ಬಡಿಯುತ್ತಿದ್ದಳು, ಒಂದು ಕೈ ಬಡಿದರೆ ಇನ್ನೊಂದು ಕೈ ತಿರುಗಿಸುತ್ತಿತ್ತು. ಒಂದು ಮುಂಜಾನೆಯಿಂದ ಒಂದೇ ಕೈ ಬಡಿಯಿತು, ನಿಂತಿತು, ತಾನೇ ತಿರುಗಿಸಿ ಮತ್ತೆ ಬಡಿಯಿತು. ಗೋಡೆಯ ಈಚೆ ನಾನು ಕೇಳುತ್ತ ಕುಳಿತೆ. ನನ್ನ ಎರಡೂ ಕೈ ನೆಟ್ಟಗಿದ್ದವು.’ ಛಲೋ ಬರದೀರಿ ದೊಡ್ಡವ್ವ. ವಿಳಾಸ ಅಂತೂ ಇನ್ನೂ ಛಲೋ.”

“ಅದು ಬರೇ ಕತಿ, ತಮ್ಮಾ.”

“ಹೌದ್ರಿ, ಬರೇ ಕತಿ. ಅದಕ್ಕ ಇನ್ನೊಂದು ಬರೀರಿ. ಅದೂ ನಾಕ ಮಾತಿನಾಗ. ಆಕಿ ಬಚ್ಚಲದಾಗ ಜಾರಿ ಬಿದ್ದಳು, ಬಾಜೂ ಮನಿ ಮುದುಕಿಗೆ ಅರವು ಮರವು, ಏನೇನೋ ಕೇಳಿದಂಗ ಆತು ಅಂತ. ಕೆಳಗ ಇದ ವಿಳಾಸ ಹಾಕರಿ. ಸಂಜಿಗೆ ಬಂದು ಒಯ್ತೀನಿ, ನಾನ ಊರ ಗುಂಪಿಗೆ ಹಾಕ್ತೀನಿ.”

ಅವನು ಹೊಸ್ತಿಲ ತನಕ ಹೋಗಿ ತಿರುಗಿದ.

“ಮಡಿವಾಳೆಪ್ಪ ಇವತ್ತ ಕಾಲವಿ ದಂಡಿ ಹೊಲ ಹೊಡ್ಯಾಕ ಹೋಗ್ಯಾನ. ಎರಿ ಭೂಮಿ, ಹಸಿ ಐತಿ. ಟ್ರ್ಯಾಕ್ಟರ್ ಒಮ್ಮೊಮ್ಮೆ ಪಲ್ಟಿ ಹೊಡೀತೈತಿ. ಹುಷಾರ ಇರು ಅಂತ ಹೇಳ್ರಿ ನಿಮ್ಮ ಮಗಗ.”

ಅವನ ಚಪ್ಪಲಿಯ ಸಪ್ಪಳ ಓಣಿಯ ತುದಿಗೆ ಹೋಗಿ ಕರಗುವ ತನಕ ಅತ್ತೆಯೂ ಸೊಸೆಯೂ ಅಲುಗಾಡಲಿಲ್ಲ. ಆಮೇಲೆ ಶೈಲಾ ನೆಲಕ್ಕೆ ಕುಸಿದಳು.

“ಬರದು ಕೊಡ್ರಿ ಅತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ. ನಾಕ ಮಾತು ಬರದು ಕೊಟ್ಟುಬಿಡ್ರಿ. ಅವರು ಆ ಟ್ರ್ಯಾಕ್ಟರ್ ಮ್ಯಾಲೆ ಅದಾರ್ರಿ.”

ಶಿವಗಂಗವ್ವ ಹಾಳೆ ತೆಗೆದುಕೊಂಡಳು. ಪೆನ್ನು ಹಿಡಿದಳು. ‘ಬಚ್ಚಲ ಜಾರುತ್ತಿತ್ತು’ ಎಂದು ಬರೆದಳು. ಅಕ್ಷರ ಅವಳು ಮೊದಲ ಸಲ ಸಾಲೆಗೆ ಹೋದಾಗಿನ ಹಾಗೆ ಸೊಟ್ಟಸೊಟ್ಟಾಗಿ ಬಿದ್ದವು. ಮುಂದಿನ ಮಾತು ಬರಲಿಲ್ಲ. ಸುಳ್ಳು ಬರೆಯಲು ಅವಳಿಗೆ ಹೇಸಿಕೆಯೇನೂ ಇರಲಿಲ್ಲ, ಮಗನ ಜೀವಕ್ಕಾಗಿ ಎಂಥದನ್ನಾದರೂ ಬರೆದಾಳು. ಆದರೆ ಗೋಡೆಯ ಆಚೆ ಹುಡುಗಿ ಬದುಕಿದ್ದಾಳೋ ಇಲ್ಲವೋ ಎಂಬುದೇ ಗೊತ್ತಿಲ್ಲದೆ ಅವಳು ಜಾರಿ ಬಿದ್ದಳೆಂದು ಬರೆಯುವುದು ಹೇಗೆ? ನಾಳೆ ಅವಳಿಗೆ ಏನಾದರೂ ಆದರೆ, ಈ ಹಾಳೆಯೇ ಸಾಕ್ಷಿ ಹೇಳುತ್ತದೆ. ಹೊಂಡದ ಓಣಿಯ ಶಿವಗಂಗವ್ವನೇ ಬರೆದಿದ್ದಾಳೆ, ಬಚ್ಚಲ ಜಾರುತ್ತಿತ್ತು ಎಂದು.

ಅವಳು ಹಾಳೆಯನ್ನು ಬದಿಗಿಟ್ಟು ಮತ್ತೆ ಕೊಣಮಿಗೆಯ ಮುಂದೆ ಕೂತಳು. ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಬಲಗೈಯೊಂದರಿಂದಲೇ ಅರ್ಧಕ್ಕೆ ನಿಂತ ರೊಟ್ಟಿಯನ್ನು ಬಡಿದಳು, ನಿಂತಳು, ತಿರುಗಿಸಿದಳು, ಮತ್ತೆ ಬಡಿದಳು. ಅನ್ನಪೂರ್ಣಿ ಬಡಿಯುತ್ತಿದ್ದ ಹಾಗೆಯೇ.

“ಏನ ಮಾಡಾಕತ್ತೀರಿ ಅತ್ತಿ?” ಶೈಲಾ ಅಳು ನಿಲ್ಲಿಸಿ ಕೇಳಿದಳು.

ಶಿವಗಂಗವ್ವ ಬಾಯಿಯ ಮೇಲೆ ಬೆರಳಿಟ್ಟಳು. ಇಬ್ಬರೂ ಕಿವಿಗೊಟ್ಟರು. ಒಲೆಯೊಳಗೆ ಕಟ್ಟಿಗೆ ಚಿಟಿಲೆಂದಿತು. ಮತ್ತೆ ಬಡಿದಳು. ನಿಂತಳು.

ಆಗ ಬಂತು. ಆಚೆಯ ಒಲೆಯ ಕಡೆಯಿಂದಲ್ಲ, ಅಡುಗೆಮನೆಗೆ ಹತ್ತಿಕೊಂಡ ಕತ್ತಲೆಕೋಣೆಯ ಮೂಲೆಯಿಂದ, ನೆಲದ ಸಮಕ್ಕೆ. ತಪ್. ನಿಂತಿತು. ತಪ್. ಕೈಯಲ್ಲಿ ಬಲವಿರದವರು ಬರಿಯ ಮಣ್ಣುಗೋಡೆಗೆ ಅಂಗೈ ಬಡಿದ ಸಪ್ಪಳ. ಅದರ ಹಿಂದೆಯೇ ಸಾವಿತ್ರೆವ್ವನ ಒರಟು ದನಿ, “ಸುಮ್ಮನ ಬೀಳತಿಯೋ ಇಲ್ಲೋ!” ಎಂದಿತು. ಸಪ್ಪಳ ನಿಂತಿತು.

ಶೈಲಾ ಗೋಡೆಗೆ ಕಿವಿ ಹಚ್ಚಿದಳು. “ಕೂಡಿ ಹಾಕ್ಯಾರ್ರಿ ಆಕಿನ್ನ,” ಎಂದು ಪಿಸುಗುಟ್ಟಿದಳು.

ಶಿವಗಂಗವ್ವ ಎದ್ದು ಜಗಲಿಯ ಮೇಲಿನ ವಿಭೂತಿ ಸರಿಸಿ ಕಾಗದ ತೆಗೆದಳು. ಬೂದಿ ಹತ್ತಿ ಅಂಚು ಬೆಳ್ಳಗಾಗಿತ್ತು. ಬಿಚ್ಚಿ ಓದಿಕೊಂಡಳು. ‘ತಂಗಿ ಹನಮವ್ವಗೆ. ನಿನ್ನ ಮಗಳು ಜಾರಿ ಬಿದ್ದಿಲ್ಲ. ಗಂಡ ಹೊಡೆದು ಕೈ ಮುರಿದಿದ್ದಾನೆ. ನಾನು ಕಿವಿಯಾರೆ ಕೇಳಿದ್ದೇನೆ. ಹಿರಿಯರನ್ನು ಕರೆದುಕೊಂಡು ಲಗೂನ ಬಂದು ಒಯ್ಯಿ.’ ಎಲ್ಲವೂ ಇತ್ತು. ಮೇಲ್ಗಡೆ, ‘ಇಂದ’ ಎಂದು ಬರೆದ ಶಬ್ದದ ಕೆಳಗೆ ಮಾತ್ರ ಏನೂ ಇರಲಿಲ್ಲ. ಅಂಜಿ ಅವಳೇ ಬಿಟ್ಟಿದ್ದಳು. ಊರೆಲ್ಲ ಓದುವ ಕತೆಗೆ ಹಟ ಹಿಡಿದು ವಿಳಾಸ ಹಾಕಿಸಿದವಳು, ವಿಳಾಸ ಬೇಕಾದ ಒಂದೇ ಕಾಗದವನ್ನು ಬರಿದು ಬಿಟ್ಟಿದ್ದಳು.

“ಪೋಸ್ಟಿಗೆ ಹಾಕಿದರ ನಾಲ್ಕ ದಿನ ಹೋದೀತ್ರಿ,” ಎಂದಳು ಶೈಲಾ. ಬೇಡ ಎನ್ನಲಿಲ್ಲ, ಅಷ್ಟನ್ನೇ ಎಂದಳು.

“ಪೋಸ್ಟಿಗಲ್ಲ. ನಸೀಮಾಬಿ ನಿನ್ನೆ ಹೇಳಿದಳಲ್ಲ, ಇವತ್ತ ಮಗಳ ಮನಿಗೆ ಹೊಂಟಾಳ, ದುಮ್ಮವಾಡಕ್ಕ. ಹುಬ್ಬಳ್ಳಿ ಬಸ್ಸು ಹಿಡೀತಾಳ. ಆಕಿಗೆ ಓದಾಕ ಬರತೈತಿ. ಹನಮವ್ವಗ ಓದಿ ಹೇಳತಾಳ.”

“ಬಾಯಿಲೆ ಹೇಳಿ ಕಳಿಸಿದರ ಸಾಲದೇನ್ರಿ? ಕೈಬರಹ ಅವನ ಕೈಗೆ ಸಿಕ್ಕರ…”

“ಬಾಯಿ ಮಾತಿಗೆ ಯಾವ ಹಿರ್‍ಯಾ ಎದ್ದು ಬರತಾನ? ಪೊಲೀಸರು ಕೇಳಿದರ ಏನ ತೋರಸತಾಳ ಹನಮವ್ವ? ಯಾರು ಹೇಳಿದರು ಅಂದರ ಒಂದು ಹೆಸರ ಇರಬೇಕು.”

ಅವಳು ‘ಇಂದ’ದ ಕೆಳಗೆ ಬರೆದಳು: ಶಿವಗಂಗವ್ವ, ಹೊಂಡದ ಓಣಿ, ಮೊರಬ, ತಾಲೂಕ ನವಲಗುಂದ. ತಳದಲ್ಲಿ ಇನ್ನೊಂದು ಸಾಲು ಸೇರಿಸಿದಳು: ‘ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಇಂದೇ ಬಾ.’

ಶೈಲಾ ಎದ್ದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಡಿವಾಳೆಪ್ಪನಿಗೆ ಫೋನು ಹಚ್ಚಿ, “ನನಗ ಹೊಟ್ಟಿ ಭಾಳ ನೋಯಾಕತ್ತೈತ್ರೀ, ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ನಡಕೋತ ಬರ್ರಿ, ನಡಕೋತನ ಬರ್ರಿ ಮತ್ತ,” ಎಂದಳು. ಆಮೇಲೆ ಆರಿದ ರೊಟ್ಟಿಗಳನ್ನು ತಂದು ಅರಿವೆಯ ಮೇಲೆ ಒಂದರ ಮೇಲೊಂದು ಇಟ್ಟಳು. ನಡುವೆ ಕಾಗದ. ಅದರ ಮೇಲೆ ಮತ್ತೆ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಯ ಪೊಟ್ಟಣ. ಅವಸರದಲ್ಲಿ ಕಟ್ಟಿದ ಬುತ್ತಿಯ ಗಂಟು ಎರಡು ಸಲ ಜಾರಿತು.

ಸಿದ್ದರಾಮನ ಮನೆಯ ಮುಂದೆ ಹಾಯ್ದೇ ಹೋಗಬೇಕು. ಕಟ್ಟೆಯ ಮೇಲೆ ಕೂತು ಕಾಳು ಹಸನ ಮಾಡುತ್ತಿದ್ದ ಸಾವಿತ್ರೆವ್ವ ತಲೆಯೆತ್ತಿ ನೋಡಿದಳು. ಆ ನೋಟ ಬೆನ್ನಿಗೆ ಅಂಟಿಕೊಂಡೇ ಬಂತು. ಓಣಿಯ ಹಸಿ ಎರೆಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆಹೆಜ್ಜೆಗೆ ಕಾಲು ಭಾರವಾಯಿತು. ಯಾರೋ ಹಿಂದಿನಿಂದ ಎಳೆದು ಹಿಡಿದಂತೆ.

ಬಸ್‌ಸ್ಟ್ಯಾಂಡಿನಲ್ಲಿ ನಸೀಮಾಬಿ ಮಲಾರ ಮಗ್ಗುಲಿಗೆ ಇಟ್ಟುಕೊಂಡು ನಿಂತಿದ್ದಳು. ಎದುರಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಬಿಳಿ ಅಂಗಿ. ತಿರುಗಿ ಹೋದರೆ ಸಂಶಯ, ಮುಂದೆ ಹೋದರೆ ಅವನು. ಹಿಂದೊಮ್ಮೆ ಪೋಸ್ಟಿನ ಡಬ್ಬಿಯ ಮುಂದಿನಿಂದ ಶಿವಗಂಗವ್ವ ತಿರುಗಿ ಬಂದಿದ್ದಳು. ಈ ಸಲ ಮುಂದೆಯೇ ಹೋದಳು.

“ಏನ ದೊಡ್ಡವ್ವ, ಕತಿ ಬರಿಯೂದು ಬಿಟ್ಟು ಇತ್ತಾಗ?” ಚಹಾದ ಕಪ್ಪು ಹಿಡಿದೇ ಅವನು ಎದ್ದು ಬಂದ.

“ಬರದೀನಿ ಒಂದೀಟ. ಸಂಜಿಗೆ ಮುಗೀತೈತಿ. ಈಕಿಗೆ ಬುತ್ತಿ ಕೊಡಾಕ ಬಂದೆ.”

“ಯಾ ಅಲ್ಲಾ, ನನಗ ಬುತ್ತಿ?” ನಸೀಮಾಬಿ ಬೆರಗಾದಳು. ಗೆಳತಿಯ ಮುಖ ನೋಡಿದ್ದೇ ಮಾತು ಹೊರಳಿಸಿದಳು. “ತಾ ಬೇ ತಾ, ನಿನ್ನೆ ಕೇಳಿದ್ದು ನೆನಪಿಟ್ಟೀ ಅಲ್ಲ! ನಾ ಅಂದಕೊಂಡೆ, ದೊಡ್ಡ ಕತಿಗಾರ್ತಿ ಆದಮ್ಯಾಲೆ ನಮ್ಮಂಥವರ ನೆನಪ ಎಲ್ಲಿ ಅಂತ.”

“ಹಂಗಾರ ನನಗೂ ಒಂದು ರೊಟ್ಟಿ ಕೊಡ್ರಿ,” ಎಂದ ಸಿದ್ದರಾಮ ಕೈ ಚಾಚಿ. “ಮುಂಜಾನೆ ಕೊಡಾಕ ಬಂದಿದ್ರಿ, ನಾ ಒಲ್ಲೆ ಅಂದೆ. ಮನ್ಯಾಗ ಹೆಂಗೂ ಇಲ್ಲ.”

ಹುಬ್ಬಳ್ಳಿಯ ಬಸ್ಸು ದೂರದಲ್ಲಿ ಹಾರ್ನು ಹೊಡೆಯಿತು. ಶಿವಗಂಗವ್ವ ಬುತ್ತಿಯನ್ನು ಎಡಗೈಯ ಮೇಲೆ ಇಟ್ಟುಕೊಂಡು ಬಲಗೈಯಿಂದ ಗಂಟು ಬಿಚ್ಚಿದಳು. ಅವಳ ಕಣ್ಣಿಗೆ ರೊಟ್ಟಿ ಕಾಣುತ್ತಿರಲಿಲ್ಲ, ಅದರ ಕೆಳಗಿನ ಬಿಳಿ ಅಂಚೇ ಕಾಣುತ್ತಿತ್ತು. ಮೇಲಿನ ರೊಟ್ಟಿ ಎತ್ತಿದಳು. ಎತ್ತುವಾಗ ಎರಡನೆಯದೂ ಅಂಟಿಕೊಂಡು ಅರ್ಧ ಎದ್ದಿತು. ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಮೇಲಿನದನ್ನಷ್ಟೇ ಬಿಡಿಸಿ ಅವನ ಕೈಗಿಟ್ಟಳು.

ಅವನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಅಗಿಯುತ್ತ ಅವಳನ್ನೇ ನೋಡಿದ. “ಛಲೋ ಬಡೀತೀರಿ,” ಎಂದ. “ಎರಡೂ ಕೈ ನೆಟ್ಟಗದಾವು.”

ಬಸ್ಸು ಬಂದು ನಿಂತಿತು. ಶಿವಗಂಗವ್ವ ಗಂಟು ಕಟ್ಟಿ ನಸೀಮಾಬಿಯ ಕೈಗೆ ಒತ್ತಿದಳು. ಒತ್ತುವಾಗ ಬಾಗಿ, ಮಲಾರ ಎತ್ತಿ ಕೊಡುವ ನೆಪದಲ್ಲಿ ಅವಳ ಕಿವಿಯ ಹತ್ತಿರ, “ನಡುವ ಕಾಗದ ಐತಿ. ದುಮ್ಮವಾಡದ ಹನಮವ್ವಗ ಓದು. ಇವತ್ತ,” ಎಂದಳು.

ನಸೀಮಾಬಿ ಗಂಟನ್ನು ಇನ್ನೊಮ್ಮೆ ಬಿಗಿದಳು. ಬುತ್ತಿಯನ್ನು ಮಲಾರದ ಬಳೆಗಳ ನಡುವೆ ತುರುಕಿ, ಸೀರೆಯ ನೆರಿಗೆ ಎತ್ತಿ ಹಿಡಿದು ಬಸ್ಸು ಹತ್ತಿದಳು. ಕಂಡಕ್ಟರು ಸೀಟಿ ಊದಿದ. ಬಾಗಿಲು ಮುಚ್ಚಿಕೊಂಡಿತು. ಸಿದ್ದರಾಮ ಕೈಯಲ್ಲಿದ್ದ ಉಳಿದ ರೊಟ್ಟಿ ತಿನ್ನುತ್ತ ಅಲ್ಲಿಯೇ ನಿಂತಿದ್ದ. ಬಳೆಗಳು ಕಿಣಿಗುಡುವ ಸಪ್ಪಳ ಕಿಟಕಿಯಿಂದ ಒಂದು ಕ್ಷಣ ಕೇಳಿಸಿ, ಬಸ್ಸು ಕಾಗದ ಹೊತ್ತು ಹುಬ್ಬಳ್ಳಿಯ ರಸ್ತೆ ಹಿಡಿಯಿತು.